ಮಿಕ್ಕ ತೊಗಲು

ಸಂಕ್ರಾಂತಿಯ ರಜೆಗೆ ಈ ಸಲ ಈಸೂರಿಗೆ ಹೋಗಿದ್ದೆನು. ಆ ಊರಿನ ಪರಿಚಯವನ್ನು ವಾಚಕರಿಗೆ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಐದು ವರ್ಷ ಮೊದಲೇ, 1942ರಲ್ಲಿ, ತಾನು ಸ್ವತಂತ್ರವೆಂದು ಸಾರಿಕೊಂಡು, ಮರುವರ್ಷ ತನ್ನ ಐವರು ಮಕ್ಕಳನ್ನು ನೇಣುಗಂಬಕ್ಕೆ ಒಪ್ಪಿಸಿದ ಊರು ಅದು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಅಂದಿನ ಘೋಷಣೆಯನ್ನು ಶಿಕಾರಿಪುರದ ಸೀಮೆ ಇನ್ನೂ ಮರೆತಿಲ್ಲ. ಆದರೆ ನಾನು ಹೋದದ್ದು ಚರಿತ್ರೆಯ ಸಲುವಾಗಿ ಅಲ್ಲ. ಅಲ್ಲಿ ನಮ್ಮ ದೊಡ್ಡಮ್ಮನ ಮನೆಯಿದೆ; ದೊಡ್ಡಮ್ಮನ ಮಗಳನ್ನು, ಎಂದರೆ ನನ್ನ ಅಕ್ಕನನ್ನು, ಅದೇ ಊರಿಗೆ ಕೊಟ್ಟಿದ್ದಾರೆ.

ಮೂರು ವರ್ಷಗಳ ಹಿಂದೆ ಅಕ್ಕನ ತೂಕ 116 ಕಿಲೋಗ್ರಾಂ ಇತ್ತು. ಈಗ 66. ಮೈಯಿಂದ ಇಳಿದದ್ದು ಸರಿಯಾಗಿ ಒಂದು ಮೂಟೆ ಸಿಮೆಂಟಿನ ಭಾರ. ಸಕ್ಕರೆ ಕಾಯಿಲೆ, ಮೊಣಕಾಲಿನ ನೋವು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವು ಮೂರೂ ಸೇರಿ ನಲವತ್ತು ತುಂಬುವ ಮೊದಲೇ ಅವಳನ್ನು ಮುದುಕಿಯನ್ನಾಗಿ ಮಾಡಿದ್ದುವು. ಜಠರದ ಮುಕ್ಕಾಲು ಪಾಲನ್ನು ತೆಗೆದು, ಉಳಿದುದನ್ನು ಕೊಳವೆಯಂತೆ ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಬೆಂಗಳೂರಿನಲ್ಲಿ ಮಾಡಿಸಿಕೊಂಡಳು. ಅಂದಿನಿಂದ ಊಟ ಅಂಗೈಯಗಲದ ತಟ್ಟೆಯಲ್ಲಿ. ಬೆಳಗ್ಗೆ ಸಂಜೆ ನಡಿಗೆ. ಸಕ್ಕರೆಯ ಗುಳಿಗೆಗಳು ಒಂದೊಂದಾಗಿ ನಿಂತುವು. ಊರು ಮೊದಲು ‘ಏನು ಕಾಯಿಲೆಯೋ’ ಎಂದು ಅನುಮಾನಿಸಿತು, ಅನಂತರ ಹೊಗಳಿತು. ಹೊಗಳಿಕೆಯೆಲ್ಲ ಮುಗಿದ ಮೇಲೆ ಅಕ್ಕನಿಗೆ ಉಳಿದದ್ದನ್ನು ಕುರಿತು ಈ ವಾರದ ಬರಹ.

ಹಬ್ಬದ ಮಾರನೆಯ ರಾತ್ರಿ ಊಟವಾದ ಮೇಲೆ ಅಕ್ಕ ಮೆಲ್ಲನೆ ಮಾತು ತೆಗೆದಳು. ಹೊಟ್ಟೆಯ ಮೇಲೆ ಜೋತುಬಿದ್ದಿರುವ ಚರ್ಮವನ್ನು ತೆಗೆಸಬೇಕೆಂದಿದ್ದಾಳೆ. ಶಿವಮೊಗ್ಗೆಯಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜರಿಯ ವೈದ್ಯರನ್ನು ಕೇಳಿಬರಬೇಕು. ನಾನು ಜೊತೆಗೆ ಬರಬೇಕು. ಮನೆಯಲ್ಲಿ ಒಡನೆಯೇ ಒಂದು ನ್ಯಾಯಪಂಚಾಯಿತಿ ಸೇರಿತು.

“ಮೈಯೊಳಗೆ ಪ್ಲಾಸ್ಟಿಕ್ ಇಡ್ತಾರಂತಲ್ಲೋ!” ಎಂದು ದೊಡ್ಡಮ್ಮ ಗಾಬರಿಯಾದರು. ನಾನು ಉಪಾಧ್ಯಾಯನಲ್ಲವೆ? ಆ ಶಬ್ದ ಗ್ರೀಕ್ ಭಾಷೆಯದೆಂದೂ, ರೂಪ ಕೊಡುವುದೆಂದು ಅದರ ಅರ್ಥವೆಂದೂ, ಅಂಗಡಿಯ ಚೀಲಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೂ ಒಂದು ಪಾಠ ಮಾಡಿದೆನು. ದೊಡ್ಡಮ್ಮನಿಗೆ ಸಮಾಧಾನವಾಗಲಿಲ್ಲ. ಭಾವನವರು ಮಿತಭಾಷಿಗಳು. ಅವರು ಕೇಳಿದ್ದು ಎರಡೇ ಪ್ರಶ್ನೆ: “ಎಷ್ಟಾಗುತ್ತೆ? ಜೀವಕ್ಕೇನೂ ಇಲ್ಲ ತಾನೆ?”

ಇಲ್ಲಿಗೆ ನಾನು ಸುಮ್ಮನಿರಬಹುದಾಗಿತ್ತು. ಆದರೆ ಅಕ್ಕಮಹಾದೇವಿಯ ಉಡುತಡಿಯೂ ಅಲ್ಲಮನ ಬಳ್ಳಿಗಾವಿಯೂ ಇದೇ ತಾಲ್ಲೂಕಿನಲ್ಲಿರುವಾಗ ಕನ್ನಡ ಎಂ.ಎ. ಓದಿದವನು ಸುಮ್ಮನಿದ್ದಾನೆಯೆ? ದೇಹದ ಹಂಗನ್ನು ತೊರೆದವರ ನೆಲ ಇದು, ನಲವತ್ತೆರಡು ವರ್ಷದ ಹೆಂಗಸಿಗೆ ಮೈಯ ಅಂದದ ಮೇಲೆ ಇಷ್ಟೊಂದು ಆಸೆ ಏತಕ್ಕೆ, ಆರೋಗ್ಯ ಬಂದಿತಲ್ಲ, ಅಷ್ಟು ಸಾಲದೆ, ಎಂದು ಕೇಳಿಯೇಬಿಟ್ಟೆನು. ಅಕ್ಕ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. “ಅವಳು ಬಿಟ್ಟು ಹೊರಟಳು ತಮ್ಮಾ. ನಾನು ಬಿಡೋಕಾಗದೆ ಹೊತ್ತುಕೊಂಡಿದ್ದೀನಿ” ಎಂದು ಹೇಳಿ ಎದ್ದುಹೋದಳು.

ಮರುದಿನ ಬೆಳಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಹೋದೆನು. ತಂತಿಯ ಮೇಲೆ ಹಳೆಯ ಹತ್ತಿ ಸೀರೆಯನ್ನು ಹರಿದು ಮಾಡಿದ ಉದ್ದುದ್ದ ಪಟ್ಟಿಗಳು ಸಾಲಾಗಿ ಒಣಗುತ್ತಿದ್ದುವು. ಎಣಿಸಿದೆನು, ಹನ್ನೊಂದು. ಕೂಸಿರುವ ಮನೆಯಲ್ಲಿ ಅಂಥ ಬಟ್ಟೆಗಳನ್ನು ಕಂಡಿದ್ದೇನೆ. ಈ ಮನೆಯಲ್ಲಿ ಕೂಸಿಲ್ಲ. ಅಕ್ಕನ ಮಗಳು ಪಿ.ಯು. ಓದುತ್ತಿದ್ದಾಳೆ. ನಾನು ನೋಡುತ್ತ ನಿಂತಿದ್ದುದನ್ನು ಕಂಡು ಅಕ್ಕ ತಾನೇ ಹೇಳಿದಳು. ಹೊಟ್ಟೆಯ ಚರ್ಮ ಮಡಿಕೆಯಾಗಿ ತೊಡೆಯ ಮೇಲೆ ಬೀಳುತ್ತದೆ. ಅದರ ಕೆಳಗೆ ಗಾಳಿಯಿಲ್ಲ, ಬೆವರು ಆರುವುದಿಲ್ಲ. ಚರ್ಮಕ್ಕೆ ಚರ್ಮ ಉಜ್ಜಿ ಕೆಂಪಾಗಿ, ಬೂಷ್ಟು ಹತ್ತಿ, ಬಿರಿದು ನೀರು ಸೋರುತ್ತದೆ. ಮುಲಾಮು ಹಚ್ಚಿದರೆ ಹದಿನೈದು ದಿನ ಗುಣ, ಮತ್ತೆ ಯಥಾಪ್ರಕಾರ. ಚಳಿಗಾಲದಲ್ಲಿ ದಿನಕ್ಕೆ ಮೂರು ಪಟ್ಟಿ, ಬೇಸಗೆಯಲ್ಲಿ ಐದಾರು. ವಾಸನೆಯ ಭಯಕ್ಕೆ ಮದುವೆಮನೆಯಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟು ಎರಡು ವರ್ಷವಾಯಿತು. ನಡಿಗೆಗೆ ಹೋಗುವಾಗ ಆ ಮಡಿಕೆಯನ್ನು ಎತ್ತಿ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡರೆ ಉಸಿರಿಗೆ ಕಷ್ಟ, ಕಟ್ಟದಿದ್ದರೆ ನಡುವಿಗೆ ನೋವು.

“ದಪ್ಪಗಿದ್ದಾಗ ಜನ ನೋಡ್ತಿದ್ದರು. ಈಗ ಯಾರಿಗೂ ಕಾಣಿಸಲ್ಲ, ನನಗೊಬ್ಬಳಿಗೇ ಗೊತ್ತು” ಎಂದಳು. ಹಿಂದಿನ ರಾತ್ರಿಯ ನನ್ನ ಉಪನ್ಯಾಸವನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯಿದ್ದಿದ್ದರೆ ತೆಗೆದುಕೊಳ್ಳುತ್ತಿದ್ದೆನು. ಹಲ್ಲುಜ್ಜುವುದನ್ನು ಮುಂದುವರಿಸಿದೆನು.

ವ್ಯಾಯಾಮ ಮಾಡಿದರೆ ಚರ್ಮ ಬಿಗಿಯಾಗದೆ, ಎಣ್ಣೆ ತಿಕ್ಕಿದರೆ ಸೇರಿಕೊಳ್ಳದೆ ಎಂದು ವಾಚಕರು ಕೇಳಬಹುದು. ನಾನೂ ಕೇಳಿದೆನು. ಚರ್ಮಕ್ಕೆ ಬಲವನ್ನು ಕೊಡುವ ನಾರು ಕೊಲಾಜೆನ್. ಎಳೆದು ಬಿಟ್ಟಾಗ ಮೊದಲಿನ ಸ್ಥಿತಿಗೆ ತರುವ ನಾರು ಇಲಾಸ್ಟಿನ್. ಹತ್ತಾರು ವರ್ಷ ಹಿಗ್ಗಿಯೇ ಇದ್ದ ಚರ್ಮದಲ್ಲಿ ಇವು ಹರಿದು ಸಡಿಲವಾಗಿರುತ್ತವೆ. ಹಳೆಯ ಬನಿಯನ್ನಿನ ಕುತ್ತಿಗೆಪಟ್ಟಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯಾಯಾಮದಿಂದ ಬೆಳೆಯುವುದು ಚರ್ಮದ ಕೆಳಗಿನ ಸ್ನಾಯು. ಮೇಲಿನ ತೊಗಲಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಎಳೆಯ ವಯಸ್ಸಿನವರಿಗೆ, ಸ್ವಲ್ಪ ತೂಕ ಇಳಿಸಿದವರಿಗೆ ತಕ್ಕಮಟ್ಟಿಗೆ ಸೇರಿಕೊಂಡೀತು. ವಯಸ್ಸಾದಂತೆ, ಬಿಸಿಲಿಗೆ ಬಿದ್ದಂತೆ, ಹೊಗೆ ಸೇದಿದಂತೆ ಆ ಆಸೆಯೂ ಕಡಿಮೆ. ಐವತ್ತು ಕಿಲೋ ಇಳಿಸಿದವರಿಗೆ ಕತ್ತಿಯೊಂದೇ ಉಪಾಯ; ಇಲ್ಲವೆ ಪಟ್ಟಿಗಳು.

ಶಿವಮೊಗ್ಗೆಯ ವೈದ್ಯರು ಮಾತುಗಾರರಲ್ಲದಿದ್ದರೂ ಆಡಿದ ಮಾತನ್ನು ಮುಚ್ಚಿಟ್ಟು ಆಡುವವರಲ್ಲ. ಪರೀಕ್ಷೆ ಮಾಡಿ ಬಂದು ಮೊದಲು ಹೇಳಿದ್ದು ಇದು: “ಅಮ್ಮಾ, ನಾನು ಚರ್ಮ ತೆಗೆದುಕೊಂಡು ಕಲೆ ಕೊಡುತ್ತೇನೆ. ಈ ವ್ಯಾಪಾರ ನಿಮಗೆ ಒಪ್ಪಿಗೆಯೋ ನೋಡಿ.” ಕಲೆಯೆಂದರೆ ಸಣ್ಣದಲ್ಲ. ಕಿಬ್ಬೊಟ್ಟೆಯ ಕೆಳಗೆ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಗೆರೆ. ಒಂದು ವರ್ಷದವರೆಗೆ ಕೆಂಪಾಗಿದ್ದು ಅನಂತರ ಮಾಸುತ್ತದೆ, ಅಳಿಸಿಹೋಗುವುದಿಲ್ಲ. ಮೇಲಿನ ಚರ್ಮವನ್ನು ಕೆಳಕ್ಕೆ ಎಳೆದು ಹೊಲಿಯುವುದರಿಂದ ಹೊಕ್ಕುಳಿಗೆ ಹೊಸದಾಗಿ ಕಿಂಡಿ ಕೊರೆಯಬೇಕು. ಅದರ ಕೆಳಗಿನ ಭಾಗದಲ್ಲಿ ಸ್ಪರ್ಶ ಬಹುಕಾಲ ಮಂದವಾಗಿರಬಹುದು, ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ. ಗಾಯದೊಳಗಿನ ನೀರು ಹೊರಬರಲು ಕೆಲವು ದಿನ ಕೊಳವೆ; ವಾರಗಟ್ಟಲೆ ಬಿಗಿಪಟ್ಟಿ; ಮೊದಮೊದಲು ನಡುವನ್ನು ಬಾಗಿಸಿಕೊಂಡೇ ನಡೆಯಬೇಕು; ಆರು ವಾರ ಭಾರವನ್ನು ಎತ್ತಕೂಡದು.

“ಕೊಡ?” ಎಂದಳು ಅಕ್ಕ.

“ಕೊಡವೂ ಇಲ್ಲ, ಕುಕ್ಕರೂ ಇಲ್ಲ.”

ಇದೆಲ್ಲ ಸರಿಯಾಗಿ ನಡೆದರೆ. ನಡೆಯದಿದ್ದರೆ ಏನೇನಾಗಬಹುದೆಂಬುದನ್ನೂ ಅವರು ಹೇಳಿದರು. ಚರ್ಮದ ಕೆಳಗೆ ನೀರು ತುಂಬಿಕೊಳ್ಳಬಹುದು. ಗಾಯ ಕೂಡದೆ ಬಾಯಿಬಿಡಬಹುದು, ಕೀವಾಗಬಹುದು. ಅಪರೂಪವಾದರೂ ಎಲ್ಲಕ್ಕಿಂತ ಭಯಂಕರವಾದುದು, ಕಾಲಿನ ರಕ್ತನಾಳದಲ್ಲಿ ಗರಣೆ ಕಟ್ಟಿ ಅದು ಶ್ವಾಸಕೋಶಕ್ಕೆ ಏರುವುದು; ಆದುದರಿಂದಲೇ ಎಷ್ಟು ನೋವಿದ್ದರೂ ಬೇಗನೆ ಎಬ್ಬಿಸಿ ನಡೆಸುತ್ತಾರೆ. ಬಹಳ ತೂಕ ಇಳಿಸಿದವರಲ್ಲಿ ಇಂಥ ತೊಡಕುಗಳು ಉಳಿದವರಿಗಿಂತ ಹೆಚ್ಚು. ಕಿರಿದಾದ ಜಠರದಿಂದ ಕಬ್ಬಿಣ, ಪ್ರೋಟೀನು, ಜೀವಸತ್ತ್ವಗಳು ಸಾಲದೆ ಬರುವುದು ಅದಕ್ಕೆ ಒಂದು ಕಾರಣ. ಗಾಯ ಕೂಡುವುದು ಊಟದ ಬಲದಿಂದ, ಹೊಲಿಗೆಯ ಬಲದಿಂದಲ್ಲ.

ಭಾವನವರು ಈ ಹೊತ್ತಿಗೆ ಬೆವರುತ್ತಿದ್ದರು. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ತರುಣ ನಟಿಯೊಬ್ಬಳು, ಇಪ್ಪತ್ತೊಂದು ವರ್ಷದವಳು, ತೀರಿಕೊಂಡ ಸುದ್ದಿಯನ್ನು ಅವರು ಮರೆತಿರಲಿಲ್ಲ. ಅದನ್ನು ಕೇಳಿಯೇಬಿಟ್ಟರು. ವೈದ್ಯರು ಬೇಸರಪಡಲಿಲ್ಲ. ಕೊಬ್ಬನ್ನು ಹೀರುವ ಚಿಕಿತ್ಸೆ ಬೇರೆ, ಜೋತ ಚರ್ಮವನ್ನು ತೆಗೆಯುವುದು ಬೇರೆ. ಆದರೆ ಯಾವುದನ್ನು ಮಾಡಿಸುವುದಾದರೂ ಮೂರು ವಿಷಯಗಳನ್ನು ನಾಚದೆ ಕೇಳಬೇಕೆಂದರು. ಕತ್ತಿ ಹಿಡಿಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲೇ ಪದವಿ ಪಡೆದವರೆ? ಅರಿವಳಿಕೆಯ ವೈದ್ಯರು ಯಾರು? ರಾತ್ರಿ ಎರಡು ಗಂಟೆಗೆ ಉಸಿರು ಕೆಟ್ಟರೆ ಅದೇ ಕಟ್ಟಡದಲ್ಲಿ ತೀವ್ರನಿಗಾ ಘಟಕ ಇದೆಯೆ? ಸೀರೆ ಕೊಳ್ಳುವಾಗ ಹತ್ತು ಅಂಗಡಿ ಹತ್ತಿಳಿಯುವ ನಾವು ಆಸ್ಪತ್ರೆಯಲ್ಲಿ ಮಾತ್ರ ಮೌನವ್ರತವನ್ನು ಹಿಡಿಯುತ್ತೇವೆ.

ಖರ್ಚು ಎರಡೂವರೆ ಲಕ್ಷ ರೂಪಾಯಿಗಳಷ್ಟು. ವಿಮೆಯ ಮಾತು ಸೂಕ್ಷ್ಮವಾದುದು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಪಡಿಸಿದ ಮಾತಿನ ಪ್ರಕಾರ ಅಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ಅನಂತರದ ಪುನಾರಚನೆಗೆ, ಇಲ್ಲವೆ ಆರೋಗ್ಯಕ್ಕೆ ನೇರವಾದ, ತತ್‌ಕ್ಷಣದ ಅಪಾಯವನ್ನು ನಿವಾರಿಸಲು ಅಗತ್ಯವೆಂದು ಚಿಕಿತ್ಸೆ ಮಾಡುವ ವೈದ್ಯರು ಬರೆದುಕೊಟ್ಟರೆ ಉಂಟು. ಅಕ್ಕನ ಹುಣ್ಣು ‘ತತ್‌ಕ್ಷಣದ ಅಪಾಯ’ ಹೌದೋ ಅಲ್ಲವೋ ಎಂಬುದನ್ನು ಎಲ್ಲಿಯೋ ಕುಳಿತ ಗುಮಾಸ್ತರು ತೀರ್ಮಾನಿಸುತ್ತಾರೆ. ಎರಡು ವರ್ಷದ ಮುಲಾಮಿನ ಚೀಟಿಗಳನ್ನು ಅವಳು ಬಿಸಾಡಿರಲಿಲ್ಲವೆಂಬುದೊಂದು ಪುಣ್ಯ. ಚರ್ಮವೈದ್ಯರಿಗೆ ತೋರಿಸಿದ ದಾಖಲೆಯಿಲ್ಲದೆ ಅರ್ಜಿ ಹಾಕಿದರೆ ಅದು ಬರಿಯ ಕಾಗದ.

ಮನೆಗೆ ಮರಳುವ ಬಸ್ಸಿನಲ್ಲಿ ನನಗೆ ಪಾಠದ ಕೋಣೆಯಲ್ಲಿ ಎಂದೂ ಹೇಳಬೇಕಾಗಿ ಬಾರದ ಒಂದು ಕಥೆ ನೆನಪಿಗೆ ಬಂದಿತು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಟಿಪ್ಪುವಿನ ಸೆರೆಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಅನಂತರ ಪುಣೆಯ ಬಳಿಯ ಒಬ್ಬ ದೇಶೀಯ ವೈದ್ಯನು ಅವನ ಹಣೆಯ ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ಕಟ್ಟಿಕೊಟ್ಟನು. 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಅದನ್ನು ಚಿತ್ರಸಮೇತ ಅಚ್ಚು ಮಾಡಿದ ಮೇಲೆ ಯೂರೋಪಿನ ಶಸ್ತ್ರವೈದ್ಯರು ಆ ವಿದ್ಯೆಯ ಬೆನ್ನು ಹತ್ತಿದರು. ಮೂಗಿಲ್ಲದೆಯೂ ಉಸಿರಾಡಬಹುದು, ಉಣ್ಣಬಹುದು, ಗಾಡಿ ಹೊಡೆಯಬಹುದು. ಆದರೂ ಆ ಗಾಡಿಯವನಿಗೆ ‘ಅಂದದ ಚಪಲ’ ಎಂದವರಿಲ್ಲ. ಮೂಗು ಮಾನದ ಸಂಗತಿ. ಹೊಟ್ಟೆಯ ಮೇಲಿನ ಚರ್ಮವನ್ನು ತೆಗೆಯುವುದೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ಹೊವರ್ಡ್ ಕೆಲಿ ಅದನ್ನು ಮಾಡಿದ್ದು 1899ರಲ್ಲಿ. ಅಕ್ಕನಿಗೆ ಈ ಕಥೆಯನ್ನು ಹೇಳಲಿಲ್ಲ. ಈಗಾಗಲೇ ಒಂದು ಉಪನ್ಯಾಸವಾಗಿತ್ತು.

ಅವಳು ಕಿಟಕಿಯ ಕಡೆ ಮುಖ ಮಾಡಿ ಬೆರಳು ಮಡಿಸಿ ಎಣಿಸುತ್ತಿದ್ದಳು. ತೋಳಿನ ಚರ್ಮವೂ ಜೋತಿದೆ, ತೊಡೆಯದೂ ಜೋತಿದೆ. ಅವೆಲ್ಲ ಬೇಡ ಎಂದಳು. ತೋಳಿಗೆ ಉದ್ದ ತೋಳಿನ ರವಿಕೆ ಸಾಕು, ಹುಣ್ಣಾಗುವುದು ಹೊಟ್ಟೆಯದೊಂದೇ. ವೈದ್ಯರೂ ಎಲ್ಲವನ್ನೂ ಒಂದೇ ಸಲ ಮಾಡುವವರಲ್ಲವಂತೆ. ತೂಕ ಆರು ತಿಂಗಳಾದರೂ ಏರಿಳಿಯದೆ ನಿಂತಿರಬೇಕೆಂಬುದು ಅವರ ಕರಾರು. ಅವಳದು ಹತ್ತು ತಿಂಗಳಿಂದ 66ರಲ್ಲಿಯೇ ನಿಂತಿದೆ. ಇನ್ನು ಮಕ್ಕಳಾಗುವ ಯೋಚನೆಯಿದ್ದರೆ ಹೆರಿಗೆಯಾಗುವವರೆಗೆ ಕಾಯಬೇಕು. ಅವಳಿಗೆ ಆ ಯೋಚನೆಯಿಲ್ಲ. ತಡೆಯಾದದ್ದು ರಕ್ತ. ಹಿಮೋಗ್ಲೋಬಿನ್ 9.4 ಇತ್ತು. ಇದು ಏರುವವರೆಗೆ ಕತ್ತಿ ಮುಟ್ಟುವುದಿಲ್ಲವೆಂದು ವೈದ್ಯರು ಖಂಡಿತವಾಗಿ ಹೇಳಿ, ಕಬ್ಬಿಣದ ಚುಚ್ಚುಮದ್ದನ್ನೂ, ದಿನಕ್ಕೆ ಇಂತಿಷ್ಟು ಮೊಟ್ಟೆ ಬೇಳೆಯನ್ನೂ ಬರೆದುಕೊಟ್ಟಿದ್ದರು.

ರಾತ್ರಿ ದೊಡ್ಡಮ್ಮ, ಯಾರಿಗೂ ಹೊಳೆಯದಿದ್ದ ಪ್ರಶ್ನೆಯನ್ನು ಕೇಳಿದರು. “ಕೊಯ್ದದ್ದನ್ನು ಏನು ಮಾಡ್ತಾರೆ?” ಸಾಮಾನ್ಯವಾಗಿ ಸುಡುತ್ತಾರೆ ಎಂದೆನು. ಹೀಗೆ ತೆಗೆದ ಚರ್ಮವನ್ನು ಸಂಸ್ಕರಿಸಿ ಸುಟ್ಟಗಾಯದವರಿಗೆ ಹೊದಿಸುವ ಪದ್ಧತಿ ಕೆಲವು ದೇಶಗಳಲ್ಲಿದೆ. ನಮ್ಮ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿಯೂ 2016ರಿಂದ ಒಂದು ಚರ್ಮಭಂಡಾರವಿದೆ. ಅಲ್ಲಿಗೆ ಬರುವುದು ಮುಖ್ಯವಾಗಿ ತೀರಿಕೊಂಡವರ ದಾನ. ಗ್ಲಿಸರಿನ್ನಿನಲ್ಲಿ ಅದ್ದಿ ತಂಪಿನಲ್ಲಿಟ್ಟರೆ ಅಂಥ ಚರ್ಮ ವರ್ಷಗಟ್ಟಲೆ ಕೆಡುವುದಿಲ್ಲ. ರಕ್ತದ ಗುಂಪು ಹೊಂದಬೇಕೆಂದೂ ಇಲ್ಲ. ಎರಡು ಮೂರು ವಾರ ಗಾಯವನ್ನು ಮುಚ್ಚಿ ಜೀವವನ್ನು ಕಾದು, ಅನಂತರ ತಾನಾಗಿ ಉದುರುತ್ತದೆ. ಅಕ್ಕ ಅದನ್ನು ಶಿವಮೊಗ್ಗೆಯಲ್ಲಿಯೇ ಕೇಳಿದ್ದಳಂತೆ, ನಾನು ಹೊರಗೆ ಹಣ ಕಟ್ಟುತ್ತಿದ್ದಾಗ. ತಮ್ಮಲ್ಲಿ ಆ ಏರ್ಪಾಡಿಲ್ಲವೆಂದು ವೈದ್ಯರು ಹೇಳಿದರಂತೆ.

“ನೀನು ಕೊಡ್ತೀನಿ ಅಂದರೂ ತಗೊಳ್ಳೋರಿಲ್ಲ” ಎಂದರು ಭಾವನವರು. “ಈಸೂರಿನವರು ಕೊಡೆವು ಅಂತಲೇ ಹೆಸರಾದವರು.” ಆ ಮೂರು ದಿನಗಳಲ್ಲಿ ಅಕ್ಕ ನಕ್ಕದ್ದು ಆಗಲೇ.

ಯುಗಾದಿಗೆ ಮುಂಚೆ ಅವಳ ಫೋನು ಬಂದಿತು. ರಕ್ತ 11.8ಕ್ಕೆ ಏರಿದೆ. ಮಗಳ ಪರೀಕ್ಷೆ ಮುಗಿದ ಮೇಲಿನ ಸೋಮವಾರ ಆಸ್ಪತ್ರೆಗೆ ಸೇರುತ್ತಾಳೆ; ವಿಮೆಯವರು ಇನ್ನೂ ಉತ್ತರ ಬರೆದಿಲ್ಲ, ಅವರನ್ನು ಕಾಯುವುದಿಲ್ಲ. ದೊಡ್ಡಮ್ಮ ಆ ಆರು ವಾರ ಅವಳ ಮನೆಯಲ್ಲಿಯೇ ಇರುತ್ತಾರೆ. ಭಾವನವರು ಯಾರಿಗೂ ಹೇಳದೆ ಪೇಟೆಯಿಂದ ಪೈಪು ತಂದು, ಹಿತ್ತಲಿನ ನಲ್ಲಿಯ ನೀರನ್ನು ಅಡಿಗೆಮನೆಯೊಳಗೆ ತಿರುಗಿಸಿದ್ದಾರೆ.