ಘಟ್ಟದ ತಿರುವಿಗೆ ದಂಡ ತೆರಬೇಕಾದವರು ಯಾರು?

ಕಡಿಮೆ ಓಡಿಸಿದವರಿಗೆ ಕಡಿಮೆ ಕಂತು, ಎಚ್ಚರಿಕೆಯಿಂದ ಓಡಿಸಿದವರಿಗೆ ಇನ್ನೂ ಕಡಿಮೆ ಕಂತು. ವಿಮಾ ವ್ಯವಹಾರದಲ್ಲಿ ಕಿವಿಗೆ ಇಷ್ಟು ನ್ಯಾಯವಾಗಿ ಕೇಳುವ ಮಾತು ಅಪರೂಪ. 2022ರ ಜುಲೈ ತಿಂಗಳಲ್ಲಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ವಾಹನಗಳ ಸ್ವಂತ ಹಾನಿಯ ವಿಮೆಗೆ ಇಂತಹ ಎರಡು ಪದ್ಧತಿಗಳನ್ನು ಜೋಡಿಸಲು ಕಂಪನಿಗಳಿಗೆ ಅನುಮತಿ ನೀಡಿತು. ಒಂದರಲ್ಲಿ ವಾಹನ ಓಡಿದ ದೂರ ಲೆಕ್ಕಕ್ಕೆ ಬರುತ್ತದೆ. ಇನ್ನೊಂದರಲ್ಲಿ ಓಡಿಸಿದ ರೀತಿ. ಆ ರೀತಿಯನ್ನು ಅಳೆಯುವುದು ವಾಹನಕ್ಕೆ ಅಳವಡಿಸಿದ ಪುಟ್ಟ ಉಪಕರಣ, ಇಲ್ಲವೇ ಚಾಲಕನ ಜೇಬಿನಲ್ಲಿರುವ ಮೊಬೈಲಿನ ಆ್ಯಪ್. ವೇಗ, ಬ್ರೇಕ್, ತಿರುವು, ಪ್ರಯಾಣದ ಹೊತ್ತು, ಇವೆಲ್ಲವನ್ನೂ ದಾಖಲಿಸಿ ಅದು ಚಾಲಕನಿಗೆ ಅಂಕ ನೀಡುತ್ತದೆ.

ಪರಿಸರದ ಹೆಸರಿನಲ್ಲಿಯೂ ಈ ಪದ್ಧತಿಯನ್ನು ಹೊಗಳಬಹುದು. ವಾಹನ ಓಡಾಟ ತಗ್ಗಿದರೆ ಇಂಧನ ಉಳಿಯುತ್ತದೆ, ಹೊಗೆ ತಗ್ಗುತ್ತದೆ. ಐದು ನಿಮಿಷಕ್ಕೊಂದು ಬಸ್ಸು, ಅದರ ಪಕ್ಕದಲ್ಲಿ ಮೆಟ್ರೋ ಇರುವ ಊರಿನಲ್ಲಿ ಈ ವಾದಕ್ಕೆ ಬಲವಿದೆ. ಆದರೆ ಅದೇ ವಾದವನ್ನು ಘಟ್ಟ ಹತ್ತಿಸಿ ತಂದಾಗ ಅದರ ಬಣ್ಣ ಬದಲಾಗುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ, ಮಳೆಗಾಲದಲ್ಲಿ ಅದೂ ಬಾರದ ಹಳ್ಳಿಯಲ್ಲಿ ಸ್ವಂತ ವಾಹನವು ಐಷಾರಾಮದ ವಸ್ತುವಲ್ಲ. ತಾಲ್ಲೂಕು ಕೇಂದ್ರಕ್ಕೆ 25 ಕಿಲೋಮೀಟರ್ ದೂರವಿರುವ ಕುಟುಂಬವೊಂದು ಮಂಡಿ, ಸೊಸೈಟಿ, ಕಾಲೇಜು, ಆಸ್ಪತ್ರೆ ಎಂದು ವಾರಕ್ಕೆ ನಾಲ್ಕು ಬಾರಿ ಹೋಗಿಬಂದರೂ ವರ್ಷಕ್ಕೆ 10,400 ಕಿಲೋಮೀಟರ್ ಆಗುತ್ತದೆ. ಈ ದೂರವನ್ನು ಆ ಕುಟುಂಬ ಆರಿಸಿಕೊಂಡದ್ದಲ್ಲ. ಆಸ್ಪತ್ರೆಯನ್ನು ಎಲ್ಲಿ ಕಟ್ಟಬೇಕು, ಯಾವ ಬಸ್ಸಿನ ಮಾರ್ಗವನ್ನು ಲಾಭವಿಲ್ಲವೆಂದು ನಿಲ್ಲಿಸಬೇಕು ಎಂದು ನಿರ್ಧರಿಸಿದವರು ಬೇರೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಟ್ಟ ಕುಸಿದು ಮುಚ್ಚಿದಾಗ, ಮರುವರ್ಷ ಚಾರ್ಮಾಡಿ ಮುಚ್ಚಿದಾಗ ಜನರು ಸುತ್ತುಬಳಸಿ ಹೋಗಬೇಕಾಯಿತು. ಗುಡ್ಡ ಕುಸಿದದ್ದಕ್ಕೂ ಕಿಲೋಮೀಟರಿನ ಲೆಕ್ಕದಲ್ಲಿ ಚಾಲಕನೇ ಹೊಣೆ!

ದೂರದ ಲೆಕ್ಕವಾದರೂ ಕಣ್ಣಿಗೆ ಕಾಣುವಂಥದ್ದು. ಹೆಚ್ಚಿನ ಅನ್ಯಾಯ ಅಡಗಿರುವುದು ಅಂಕದ ಲೆಕ್ಕದಲ್ಲಿ.

ಮೊಬೈಲಿನೊಳಗಿನ ವೇಗೋತ್ಕರ್ಷಮಾಪಕಕ್ಕೆ ರಸ್ತೆ ಕಾಣುವುದಿಲ್ಲ. ಅದಕ್ಕೆ ತಿಳಿಯುವುದು ಸೆಳೆತ ಮಾತ್ರ: ಮುಂದಕ್ಕೆಷ್ಟು, ಪಕ್ಕಕ್ಕೆಷ್ಟು, ಮೇಲಕ್ಕೆ ಕೆಳಕ್ಕೆ ಎಷ್ಟು. ಬೆಟ್ಟದ ರಸ್ತೆಯ ಹೇರ್‌ಪಿನ್ ತಿರುವಿನ ಒಳತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ. ಆಗುಂಬೆ ಘಟ್ಟದಲ್ಲಿ ಇಂತಹ ತಿರುವುಗಳು ಹದಿನಾಲ್ಕು. 15 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವ ಜೀಪಿನ ಮೇಲೆ ಪಕ್ಕಕ್ಕೆ ಬೀಳುವ ಸೆಳೆತ ಸುಮಾರು ಗುರುತ್ವದ ಮೂರನೆಯ ಒಂದು ಭಾಗ. ಬಯಲುಸೀಮೆಯ ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದ ಕಾರಿಗೆ ಇಷ್ಟೇ ಸೆಳೆತ ಬರಬೇಕಾದರೆ ಅದು 150 ಮೀಟರ್ ತ್ರಿಜ್ಯದ ತಿರುವಿನಲ್ಲಿ ನುಗ್ಗಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದ ಯಾವ ವಿದ್ಯಾರ್ಥಿಯೂ ಈ ಲೆಕ್ಕವನ್ನು ಮಾಡಿ ನೋಡಬಹುದು: ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಸಾಕು. ಎರಡನೆಯ ಗೇರಿನಲ್ಲಿ ಹಾರ್ನ್ ಹಾಕುತ್ತಾ ಏರುವ ಘಟ್ಟದ ಚಾಲಕನೂ ಹೆದ್ದಾರಿಯಲ್ಲಿ ನುಗ್ಗುವವನೂ ಸೆಳೆತವೊಂದನ್ನೇ ನೋಡುವ ಯಂತ್ರಕ್ಕೆ ಒಂದೇ.

ಬ್ರೇಕಿನ ವಿಷಯ ಇದಕ್ಕಿಂತ ಗಂಭೀರ. ಅಮೆರಿಕದಲ್ಲಿ ಈ ವ್ಯಾಪಾರವನ್ನು ಮೊದಲು ಬೆಳೆಸಿದವರಲ್ಲಿ ಒಂದಾದ ಪ್ರೋಗ್ರೆಸಿವ್ ಕಂಪನಿಯು ಒಂದು ಸೆಕೆಂಡಿನಲ್ಲಿ ವೇಗವು ಗಂಟೆಗೆ 7 ಮೈಲಿ, ಅಂದರೆ ಸುಮಾರು 11 ಕಿಲೋಮೀಟರ್, ಇಳಿದರೆ ಅದನ್ನು ಗಡುಸಾದ ಬ್ರೇಕ್ ಎಂದು ಗುರುತಿಸುತ್ತದೆ. ಈ ಮಿತಿಯನ್ನು ಮೀರದೆ 40 ಕಿಲೋಮೀಟರ್ ವೇಗದ ವಾಹನ ನಿಲ್ಲಬೇಕಾದರೆ, ಬ್ರೇಕ್ ಒತ್ತಿದ ಮೇಲೆ ಅದಕ್ಕೆ 20 ಮೀಟರ್ ದಾರಿ ಬೇಕು. ಮುಸ್ಸಂಜೆಯ ಮಂಜಿನಲ್ಲಿ ಕಡವೆಯೊಂದು 12 ಮೀಟರ್ ಮುಂದೆ ರಸ್ತೆಗೆ ಹಾರಿದರೆ ಚಾಲಕ ಏನು ಮಾಡಬೇಕು? ಬ್ರೇಕ್ ಒತ್ತಿದರೆ ಅಂಕ ಹೋಗುತ್ತದೆ. ಒತ್ತದಿದ್ದರೆ ಕಡವೆ ಹೋಗುತ್ತದೆ. ಕಾಡುಕೋಣವಾದರೆ ಜೀಪೂ ಹೋದೀತು. ಕಾಡಿನ ನಡುವೆ ಹಾದುಹೋಗುವ ರಸ್ತೆಗಳಲ್ಲಿ ಸಿಂಗಳೀಕ, ಮುಳ್ಳುಹಂದಿ, ಹಾವು, ಕಪ್ಪೆಗಳೆಲ್ಲ ಚಕ್ರದಡಿ ಸಾಯುತ್ತಿರುವಾಗ, ಪ್ರಾಣಿಗಾಗಿ ಬ್ರೇಕ್ ಒತ್ತುವ ಕಾಲನ್ನು ಶಿಕ್ಷಿಸುವ ಯಂತ್ರಕ್ಕೆ 'ಸುರಕ್ಷಿತ ಚಾಲನೆ' ಎಂಬ ಹೆಸರು! ತಗ್ಗಿನ ಕೇರಿಯಿಂದ ಸೈಕಲ್ಲಿನಲ್ಲಿ ಇಳಿದು ಬರುವ ಶಾಲಾಬಾಲಕನ ವಿಷಯದಲ್ಲಿಯೂ ಇದೇ ಮಾತು. ಚಾಲಕರು ಅಷ್ಟೊಂದು ಲೆಕ್ಕಾಚಾರದವರಲ್ಲ, ಪ್ರಾಣಿ ಕಂಡರೆ ತಾನಾಗಿ ಕಾಲು ಬ್ರೇಕಿಗೆ ಹೋಗುತ್ತದೆ ಎನ್ನಬಹುದು. ನಿಜ. ಹಾಗಿದ್ದರೆ ಮನುಷ್ಯ ಸಹಜವಾಗಿ ಮಾಡುವ ಒಳ್ಳೆಯ ಕೆಲಸಕ್ಕೆ ದಂಡ ಹಾಕುವ ಪದ್ಧತಿಯಿಂದ ಯಾರ ಚಾಲನೆ ಸುಧಾರಿಸುತ್ತದೆ?

ರಾತ್ರಿಯ ಪ್ರಯಾಣವನ್ನೂ ಇಂತಹ ಹಲವು ಪದ್ಧತಿಗಳು ಅಪಾಯದ ಪಟ್ಟಿಗೆ ಸೇರಿಸುತ್ತವೆ. ನಗರದಲ್ಲಿ ನಡುರಾತ್ರಿ ವಾಹನ ಓಡಿಸುವವರ ಬಗ್ಗೆ ಕಂಪನಿಗಿರುವ ಅನುಮಾನ ಏನೇ ಇರಲಿ, ಆಗುಂಬೆ ಹೋಬಳಿಯಿಂದ ರಾತ್ರಿ ಒಂದು ಗಂಟೆಗೆ ಹೊರಡುವ ವಾಹನ ಹೆರಿಗೆ ನೋವಿನ ಹೆಂಗಸನ್ನು ತೀರ್ಥಹಳ್ಳಿಗೋ ಮಣಿಪಾಲಕ್ಕೋ ಕರೆದೊಯ್ಯುತ್ತಿರಬಹುದು. ಹಾಲಿನ ವಾಹನಕ್ಕೆ ಬೆಳಗಾಗುವುದೇ ಕತ್ತಲಲ್ಲಿ. ಇನ್ನು ಆ್ಯಪ್ ಇರುವುದು ಮೊಬೈಲಿನಲ್ಲಾದರೆ, ಅದರ ಒಡೆಯ ಬಸ್ಸಿನಲ್ಲಿ ಕುಳಿತು ಹೋದರೂ ಚಾಲನೆಯ ಲೆಕ್ಕಕ್ಕೆ ಬೀಳುವ ಸಾಧ್ಯತೆ ಇದೆ. ಅದನ್ನು ಆಮೇಲೆ ತಿದ್ದಲು ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಬೇಕು.

ಇದೆಲ್ಲ ಐಚ್ಛಿಕ, ಬೇಡದವರು ಬಿಡಬಹುದು ಎಂಬ ಉತ್ತರ ಸಿದ್ಧವಾಗಿದೆ. ಅದನ್ನು ಸ್ವಲ್ಪ ಪರೀಕ್ಷಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಕಡ್ಡಾಯವಾಗಿರುವುದು ತೃತೀಯ ವ್ಯಕ್ತಿ ವಿಮೆ. ಅದರ ದರವನ್ನು ಸರ್ಕಾರ ಗೊತ್ತುಪಡಿಸುತ್ತದೆ, ಆ್ಯಪ್ ಅಲ್ಲ. ಹಳೆಯ ಜೀಪಿಗೆ ಆ ಒಂದೇ ವಿಮೆ ಮಾಡಿಸಿಕೊಂಡಿರುವ ರೈತನಿಗೆ ಈ ರಿಯಾಯಿತಿಯ ಗಾಳಿಯೂ ಸೋಕದು. ಸೋಕುವುದು ಸಾಲ ಮಾಡಿ ವಾಹನ ಕೊಂಡವನಿಗೆ; ಸಾಲ ಕೊಟ್ಟವರು ಪೂರ್ಣ ವಿಮೆ ಕೇಳುತ್ತಾರೆ. ಒಳ್ಳೆಯ ಅಂಕದ ನಗರದ ಚಾಲಕರೆಲ್ಲ ರಿಯಾಯಿತಿ ಪಡೆದು ಹೊರನಡೆದರೆ, ಹಳೆಯ ಪದ್ಧತಿಯಲ್ಲಿ ಉಳಿದವರೇ ಅಪಾಯಕಾರಿಗಳೆಂದು ಕಂಪನಿ ಭಾವಿಸುವುದು ಸಹಜ. ಆಗ ಅವರ ಕಂತು ಏರುತ್ತದೆ. ವಿಮೆ ಎಂಬುದರ ಅರ್ಥವೇ ಅಪಾಯವನ್ನು ಹಲವರು ಹಂಚಿಕೊಳ್ಳುವುದು. ಅದನ್ನು ಒಬ್ಬೊಬ್ಬರ ತಲೆಯ ಮೇಲೆ ಬೇರೆಬೇರೆಯಾಗಿ ಹೊರಿಸುತ್ತಾ ಹೋದರೆ, ಕೆಟ್ಟ ರಸ್ತೆಯ ಪಕ್ಕದಲ್ಲಿ ಹುಟ್ಟಿದವನು ಕೆಟ್ಟ ರಸ್ತೆಯ ಬೆಲೆಯನ್ನು ಒಬ್ಬನೇ ತೆರುತ್ತಾನೆ.

ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಅಮೆರಿಕದ ಅನುಭವ ಕಣ್ಣೆದುರಿಗಿದೆ. ಜನರಲ್ ಮೋಟಾರ್ಸ್ ಕಂಪನಿಯು ಚಾಲಕರ ನಿಖರ ಸ್ಥಳವನ್ನು ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ಸಂಗ್ರಹಿಸಿ, ಸ್ಪಷ್ಟ ಒಪ್ಪಿಗೆಯಿಲ್ಲದೆ ಚಾಲನಾ ಮಾಹಿತಿಯನ್ನು ಮಾರಿತೆಂದೂ, ಅದು ವಿಮಾ ದರ ನಿರ್ಧಾರಕ್ಕೆ ಬಳಕೆಯಾಯಿತೆಂದೂ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ದೂರಿತು. ಅದೇ ತಿಂಗಳು ಟೆಕ್ಸಾಸ್ ರಾಜ್ಯವು ಆಲ್‌ಸ್ಟೇಟ್ ವಿಮಾ ಕಂಪನಿಯ ಮೇಲೆ, ಬೇರೆ ಆ್ಯಪ್‌ಗಳೊಳಗೆ ತಂತ್ರಾಂಶ ಸೇರಿಸಿ 4.5 ಕೋಟಿಗೂ ಹೆಚ್ಚು ಜನರ ಓಡಾಟದ ಮಾಹಿತಿ ಕಲೆಹಾಕಿದೆ ಎಂಬ ಆರೋಪದೊಡನೆ ಮೊಕದ್ದಮೆ ಹೂಡಿತು. ಭಾರತದಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 2023ರಲ್ಲಿ ಬಂದಿತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಟ್ಟಳೆಗಳ ಪಾಲನೆಗೆ 18 ತಿಂಗಳ ಗಡುವು ಕೊಡಲಾಯಿತು. ಲಕ್ಷಾಂತರ ಕಾರುಗಳ ಮಹಾನಗರದಲ್ಲಿ ಒಂದು ಕಾರಿನ ಜಾಡು ಗುಂಪಿನಲ್ಲಿ ಕರಗಬಹುದು. ಮೂರೇ ವಾಹನಗಳಿರುವ ಊರಿನ ಜಾಡಿಗೆ ಹೆಸರು ಬರೆಯುವುದೂ ಬೇಡ. ಜಲಯೋಜನೆಯ ವಿರುದ್ಧದ ಸಭೆಗೆ ಯಾವ ಜೀಪು ಹೋಗಿತ್ತು ಎಂಬುದು ಆ ದಾಖಲೆಯಲ್ಲಿ ತಾನಾಗಿ ಇರುತ್ತದೆ.

ಆದ್ದರಿಂದ ಪಾಲಿಸಿ ನವೀಕರಣದ ಹೊತ್ತಿಗೆ ರಿಯಾಯಿತಿಯ ಮಾತಾಡುವ ಏಜೆಂಟರಿಂದ ಊರಿನವರು ಬರಹದಲ್ಲಿ ಉತ್ತರ ಕೇಳಬೇಕು. ಘಟ್ಟದ ರಸ್ತೆಗೂ ಬಯಲಿನ ರಸ್ತೆಗೂ ಅಂಕದ ಮಿತಿ ಒಂದೆಯೇ? ಪ್ರಾಣಿಗಾಗಿ ಒತ್ತಿದ ಬ್ರೇಕನ್ನು ತಿದ್ದಿಸುವ ದಾರಿ ಯಾವುದು? ಮಾಹಿತಿ ಎಷ್ಟು ಕಾಲ, ಯಾರ ಬಳಿ ಉಳಿಯುತ್ತದೆ? ಅಪಘಾತವಾದಾಗ ಅದೇ ಮಾಹಿತಿಯನ್ನು ಪರಿಹಾರ ನಿರಾಕರಿಸಲು ಬಳಸಲಾಗುತ್ತದೆಯೇ? ಏಜೆಂಟರು ಸಾಮಾನ್ಯವಾಗಿ ಪಕ್ಕದೂರಿನವರೇ. ಅವರ ಮೇಲೆ ಹರಿಹಾಯುವುದರಿಂದ ಫಲವಿಲ್ಲ, ಅವರಿಗೂ ಇದನ್ನು ಕಂಪನಿ ಹೇಳಿರುವುದಿಲ್ಲ. ಬರಹದಲ್ಲಿ ಉತ್ತರ ಬರುವವರೆಗೆ ಆ್ಯಪನ್ನು ಇಳಿಸಿಕೊಳ್ಳದೆ ಹಳೆಯ ಪದ್ಧತಿಯಲ್ಲಿಯೇ ಪಾಲಿಸಿ ನವೀಕರಿಸಿದರಾಯಿತು.