ಸಮನ್ವಯ ಸಭೆಯಲ್ಲಿ ಸೂರು ಸಿಗದು

ಇಲಾಖೆಗಳ ನಡುವೆ ಸಮನ್ವಯವಿಲ್ಲ ಎನ್ನುವುದು ಯಾರು ಬೇಕಾದರೂ, ಯಾವಾಗ ಬೇಕಾದರೂ ಹೊರಿಸಬಹುದಾದ ಆರೋಪ. ಅದರಿಂದ ಯಾರಿಗೂ ನೋವಾಗುವುದಿಲ್ಲ. ಬೀದಿಯಲ್ಲಿ ಬಾಳುವ ಮನೋರೋಗಿಗಳ ವಿಷಯದಲ್ಲಿ ಅಮೆರಿಕದವರು ಈ ಮಾತನ್ನು ದುಡ್ಡು ಸುರಿದು ಪರೀಕ್ಷಿಸಿಯೇ ನೋಡಿದರು. 1990ರ ದಶಕದ ‘ಆ್ಯಕ್ಸೆಸ್’ ಯೋಜನೆ ಒಂಬತ್ತು ರಾಜ್ಯಗಳ 18 ಕಡೆ ಐದು ವರ್ಷ ನಡೆಯಿತು. ಬೀದಿಗೇ ಹೋಗಿ ರೋಗಿಯನ್ನು ಮಾತಾಡಿಸಿ, ಬೆನ್ನುಬಿಡದೆ ನೋಡಿಕೊಳ್ಳುವ ತಂಡಕ್ಕೆ ಎಲ್ಲ ಕಡೆಯೂ ಹಣ ಸಿಕ್ಕಿತು. ಅರ್ಧದಷ್ಟು ಕಡೆ ಮಾತ್ರ ಆಸ್ಪತ್ರೆ, ವಸತಿ, ವ್ಯಸನಮುಕ್ತಿ ಕಚೇರಿಗಳನ್ನು ಒಗ್ಗೂಡಿಸಲೆಂದು ಹೆಚ್ಚುವರಿ ಹಣ. ಕೊನೆಗೆ ಕಚೇರಿಗಳೇನೋ ತಕ್ಕಮಟ್ಟಿಗೆ ಹತ್ತಿರ ಬಂದವು. ರೋಗಿಗಳ ಚೇತರಿಕೆ ಮಾತ್ರ ಎರಡೂ ಬಗೆಯ ಊರುಗಳಲ್ಲಿ ಒಂದೇ ತೆರನಾಗಿತ್ತು. ಬೀದಿಗಿಳಿದ ತಂಡ ಎಲ್ಲ ಕಡೆಯೂ ಇತ್ತಲ್ಲ!

ಅದೇ ದಶಕದ ಆರಂಭದಲ್ಲಿ, 1992ರಲ್ಲಿ, ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಇನ್ನೊಂದು ಹಾದಿ ಹಿಡಿದಿದ್ದರು. ಮಾತ್ರೆ ನುಂಗು, ಕುಡಿತ ಬಿಡು, ಆಮೇಲೆ ಮನೆ ಕೊಡುತ್ತೇವೆ ಎನ್ನುವುದು ಅಲ್ಲಿನ ವಾಡಿಕೆ. ಇವರು ಅದನ್ನು ತಿರುಗುಮುರುಗು ಮಾಡಿ ಮೊದಲು ಮನೆಯ ಬೀಗದ ಕೈ ಕೊಟ್ಟರು. ಕೆನಡಾ 2009ರಿಂದ ಐದು ನಗರಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಪರೀಕ್ಷಿಸಿತು. ಮನೆ ಪಡೆದವರು ಮನೆಯಲ್ಲಿ ನೆಲೆ ನಿಂತರು. ಕಾಯಿಲೆಯ ಲಕ್ಷಣಗಳಲ್ಲಿ ಅಂಥ ಅಂತರವೇನೂ ಬರಲಿಲ್ಲ ಎಂಬುದನ್ನೂ ಹೇಳಬೇಕು. ಮನೆ ಔಷಧವಲ್ಲ. ಮನೆಯೆಂದರೆ ಮನೆ, ಅಷ್ಟೇ.

ಇದು ಶ್ರೀಮಂತ ದೇಶಗಳ ಶೋಕಿ ಎನ್ನುವವರು ಚೆನ್ನೈ ಕಡೆ ನೋಡಬೇಕು. 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು ಕಟ್ಟಿದ ‘ದಿ ಬ್ಯಾನಿಯನ್’ ಸಂಸ್ಥೆ, ಬೀದಿಯಲ್ಲಿ ಅಲೆಯುವ ಮನೋರೋಗಿ ಹೆಣ್ಣುಮಕ್ಕಳಿಗೆ ಆಸರೆಯಾಯಿತು. ಗುಣವಾದ ಅನೇಕರು ಊರು ಸೇರಿದರು. ಊರು ನೆನಪಿಲ್ಲದವರು, ಮನೆಯವರಿಗೇ ಬೇಡವಾದವರು ಕೇಂದ್ರದಲ್ಲಿ ವರ್ಷಗಟ್ಟಲೆ ಉಳಿದರು. ಅವರಿಗಾಗಿ 2015ರ ಹೊತ್ತಿಗೆ ‘ಹೋಮ್ ಅಗೇನ್’ ಬಂತು: ಸಾಮಾನ್ಯ ಬಡಾವಣೆಯಲ್ಲಿ ಬಾಡಿಗೆ ಮನೆ, ಒಟ್ಟಿಗಿರಲು ತಾವೇ ಆರಿಸಿಕೊಂಡ ನಾಲ್ಕೈದು ಜನ, ಜೊತೆಗೆ ತರಬೇತಿ ಪಡೆದ ಒಬ್ಬ ಸಹಾಯಕಿ. ವಾರ್ಡಿನಲ್ಲಿ ಗಂಟೆ ಹೊಡೆದಾಗ ತಟ್ಟೆ ಹಿಡಿದು ನಿಲ್ಲುತ್ತಿದ್ದವಳು ಇಲ್ಲಿ ಸಾರಿಗೆ ಹುಳಿ ಸಾಲದು ಎಂದು ಜಗಳ ತೆಗೆಯಬಹುದು. ನನ್ನ ಮಟ್ಟಿಗೆ ಚೇತರಿಕೆಯೆಂದರೆ ಆ ಜಗಳ.

ನಮ್ಮ ಕಾನೂನೂ ಹಿಂದೆ ಬಿದ್ದಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 100ನೇ ಕಲಮಿನ ಪ್ರಕಾರ, ಅಲೆಯುತ್ತಿರುವ ರೋಗಿಯನ್ನು ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿಗೆ ಹಾಕುವಂತಿಲ್ಲ, ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕಬೇಕು. 19ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ: ಮನೆಯಿಲ್ಲ, ಕರೆದೊಯ್ಯುವವರಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಕೂಡದು. ಹಾಗಾದರೆ ಡಿಸ್ಚಾರ್ಜ್ ಚೀಟಿ ಹಿಡಿದವಳು ಗೇಟಿನಾಚೆ ಎಡಕ್ಕೆ ತಿರುಗಬೇಕೋ ಬಲಕ್ಕೋ? ಪೊಲೀಸರದು ಗೃಹ ಇಲಾಖೆ, ಮಾತ್ರೆ ಆರೋಗ್ಯ ಇಲಾಖೆಯದು, ರಾತ್ರಿ ತಂಗುದಾಣ ನಗರಪಾಲಿಕೆಯದು. ಅವಳು ಮಾತ್ರ ಯಾರವಳೂ ಅಲ್ಲ.

ಕರ್ನಾಟಕದಲ್ಲಿ ಇಂಥವರು ಎಷ್ಟೋ ಸಲ ಸೇರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಸಾಲುಸಾಲಾಗಿ ಜನ ಸತ್ತಾಗ ಊರೆಲ್ಲ ಬೆಚ್ಚಿತ್ತು. ಕಾಯಿಲೆಯನ್ನು ಅಪರಾಧದ ಖಾತೆಗೆ ಬರೆದುಕೊಂಡ ಮೇಲೆ ಎಷ್ಟು ಸಮನ್ವಯ ಸಮಿತಿ ಮಾಡಿದರೂ ದಂಡವೇ. ಬೇಕಾದದ್ದು ಬೀದಿಯಿಂದ ಬಾಡಿಗೆ ಮನೆಯವರೆಗೆ ಜೊತೆ ಬಿಡದ ಒಂದೇ ತಂಡ, ಮತ್ತು ಆ ಬಾಡಿಗೆ.

ಹಣವೆಲ್ಲಿ ಎನ್ನಬೇಡಿ. ನಿಮ್ಮ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಸೆಸ್ ಬೀಳುತ್ತದೆ. ಈ ಸಲ ರಸೀದಿ ಕೈಗೆ ಬಂದಾಗ, ಆ ದುಡ್ಡಿನಲ್ಲಿ ನಿಮ್ಮ ಊರಲ್ಲಿ ಇಂಥ ಮನೆ ಎಷ್ಟಿವೆ ಎಂದು ಪಾಲಿಕೆಯವರನ್ನು ಕೇಳಿ.