ಸೇವೆಯ ಹೆಸರಿನಲ್ಲಿ ಕೂಲಿಗೆ ಕತ್ತರಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಮಹಿಳೆಯರಿಗೆ ತೂಕದ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಅದೇ ಊರಿನ ಓಣಿಗಳಲ್ಲಿ ಗರ್ಭಿಣಿಯರ ಹೆಸರು ನೋಂದಾಯಿಸುತ್ತಾ, ಹಸುಗೂಸುಗಳ ಲಸಿಕೆಯ ದಿನವನ್ನು ನೆನಪಿಸುತ್ತಾ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಗೂ ಸರಕಾರ ಬಹುಮಟ್ಟಿಗೆ ಇಂಥದೇ ಲೆಕ್ಕವನ್ನಿಟ್ಟಿದೆ. ಜನನಿ ಸುರಕ್ಷಾ ಯೋಜನೆಯಡಿ ಒಂದು ಹೆರಿಗೆಗೆ ಹಳ್ಳಿಯಲ್ಲಿ 600 ರೂಪಾಯಿ, ಪಟ್ಟಣದಲ್ಲಿ 400. ನವಜಾತ ಶಿಶುವಿನ ಮನೆಗೆ ನೀಡುವ ಎಲ್ಲ ಭೇಟಿಗಳಿಗೂ ಸೇರಿ 250. ಮಾಡಿದ ಕೆಲಸ ಕಂಪ್ಯೂಟರಿನಲ್ಲಿ ದಾಖಲಾಗದಿದ್ದರೆ ಆ ಹಣವೂ ಕೈಗೆ ಬರುವುದಿಲ್ಲವೆಂಬುದು ಅವರ ಹಳೆಯ ದೂರು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆರಂಭವಾದ ಈ ವ್ಯವಸ್ಥೆಯಲ್ಲಿ ರಾಜ್ಯದ ಸುಮಾರು 42 ಸಾವಿರ ಮಹಿಳೆಯರು ದುಡಿಯುತ್ತಿದ್ದಾರೆ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಮೈಯೊಡ್ಡಿ ಕುಳಿತು ಕೇಳಿದ್ದು ತಿಂಗಳಿಗೆ 15 ಸಾವಿರ. ರಾಜ್ಯದ ಗೌರವಧನ ಮತ್ತು ಪ್ರೋತ್ಸಾಹಧನ ಸೇರಿ ಏಪ್ರಿಲ್‌ನಿಂದ ಕನಿಷ್ಠ 10 ಸಾವಿರ ನೀಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟರು. ಆ ಮಾತು ನಡೆಯಲಿಲ್ಲವೆಂದು ಆಗಸ್ಟ್‌ನಲ್ಲಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ರಾಜ್ಯ ಸರಕಾರಿ ನೌಕರರ ಕನಿಷ್ಠ ಮೂಲ ವೇತನ 27 ಸಾವಿರ ರೂಪಾಯಿಗೆ ಏರಿದೆ. ಒಂದೇ ಆರೋಗ್ಯ ಕೇಂದ್ರದ ಛಾವಣಿಯಡಿ ಎರಡು ನ್ಯಾಯಗಳಿರುವುದು ವಿಪರ್ಯಾಸವಲ್ಲವೇ?

ಆಶಾ ನೌಕರಳಲ್ಲ, ಸ್ವಯಂಸೇವಕಿ ಎಂಬುದು ಸರಕಾರದ ವಾದ. ಆಕೆಯ ಜೀವನೋಪಾಯಕ್ಕೆ ಅಡ್ಡಿಯಾಗದಷ್ಟು ಕೆಲಸ ಎಂಬುದು ಆರಂಭದ ಕಲ್ಪನೆಯೂ ಆಗಿತ್ತು. ಆದರೆ ಕ್ಷಯ, ಡೆಂಗ್ಯೂ, ಕುಷ್ಠ ಎಂದು ಒಂದೊಂದೇ ಸಮೀಕ್ಷೆ ಸೇರುತ್ತಾ ಹೋಗಿ ಅದೀಗ ಇಡೀ ದಿನದ ದುಡಿಮೆಯಾಗಿದೆ. ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಬೇಕೆಂದು ಭಾರತೀಯ ಕಾರ್ಮಿಕ ಸಮ್ಮೇಳನವು 2013ರಲ್ಲಿಯೇ ಶಿಫಾರಸು ಮಾಡಿತ್ತು. ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪಿತ್ತಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಆಶಾಗಳನ್ನು ಪುರಸ್ಕರಿಸಿದಾಗ ಬೆನ್ನು ತಟ್ಟಿಕೊಂಡ ಸರಕಾರಗಳಿಗೆ ಭವಿಷ್ಯನಿಧಿ, ಪಿಂಚಣಿಯ ಮಾತು ಬಂದೊಡನೆ ಮರೆವು ಆವರಿಸುತ್ತದೆ. ಕೇಂದ್ರವು ರಾಜ್ಯದತ್ತ, ರಾಜ್ಯವು ಕೇಂದ್ರದತ್ತ ಬೆರಳು ತೋರಿಸುತ್ತದೆ.

ಬೆವರು ಆರುವ ಮುನ್ನ ಕೂಲಿ ಸಂದಾಯವಾಗಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಸೇವೆಯೆಂದು ಹೊಗಳಿ ಕೂಲಿ ತಪ್ಪಿಸುವುದು ಆ ಬೋಧನೆಗೆ ಬಗೆದ ದ್ರೋಹ. ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಮೊಹಲ್ಲಾದತ್ತಲೂ ನೋಡಬೇಕಾಗಿದೆ. 2020ರ ಏಪ್ರಿಲ್‌ನಲ್ಲಿ ಕೊರೋನಾ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಬೆಂಗಳೂರಿನ ಮುಸ್ಲಿಂ ಬಡಾವಣೆಯೊಂದರಲ್ಲಿ ಹಲ್ಲೆ ನಡೆಯಿತು. ಪೌರತ್ವದ ಭಯ ಆಗ ಹರಡಿತ್ತೆಂಬುದು ನಿಜ. ಆದರೆ ಭಯವು ಅನ್ಯಾಯಕ್ಕೆ ಸಮರ್ಥನೆಯಾಗದು. ಬಾಗಿಲಿಗೆ ಬಂದವಳು ನಮ್ಮ ಮಗುವಿನ ಪ್ರಾಣ ಕಾಯಲು ಬಂದವಳು.

ಆಶಾ ಆಯ್ಕೆಯಲ್ಲಿ ವಿಧವೆಯರು ಹಾಗೂ ವಿಚ್ಛೇದಿತೆಯರಿಗೂ ಆದ್ಯತೆಯಿದೆ. ನಮ್ಮ ಸಮುದಾಯದ ಅದೆಷ್ಟೋ ನಿರಾಧಾರ ಸಹೋದರಿಯರಿಗೆ ಮರ್ಯಾದೆಯ ಬದುಕಾಗಬಹುದಾದ ಈ ವೃತ್ತಿ, ತಕ್ಕ ವೇತನವಿಲ್ಲದಿದ್ದರೆ ಇನ್ನೊಂದು ಶೋಷಣೆಯಾಗಿ ಉಳಿದೀತು. ಆದ್ದರಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಅಂಜುಮನ್ ಮತ್ತು ಜಮಾತ್ ಸಮಿತಿಗಳು ಈ ಬೇಡಿಕೆಯನ್ನು ತಮ್ಮದೆಂದು ತಿಳಿದು ಶಾಸಕರಿಗೆ, ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಲಿ. ಜುಮಾ ಖುತ್ಬಾಗಳಲ್ಲಿ ಲಸಿಕೆಯ ಮಾತಿನೊಂದಿಗೆ ಲಸಿಕೆಗೆ ಕರೆದೊಯ್ಯುವವಳ ಹಕ್ಕಿನ ಮಾತೂ ಬರಲಿ. ನಮ್ಮ ಮಕ್ಕಳ ಆರೋಗ್ಯ ಕಾಯುವವಳ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ಸರಕಾರದ ಹೊಣೆ. ಆ ಹೊಣೆಯನ್ನು ಸರಕಾರಕ್ಕೆ ನೆನಪಿಸುತ್ತಲೇ ಇರುವುದು ನಮ್ಮ ಹೊಣೆ.